ಪ್ರಯಾಣದ ಭಜನೆ

“ಈ ಭಜನೆಗೆ ಮಂಗಳ ಅನ್ನೋದು ಇದೆಯೋ ಇಲ್ಲವೋ?”

ಕಾರು ಓಡಿಸುತ್ತಿದ್ದ ಶ್ರೀನಿಧಿ ಯಾರನ್ನೂ ಉದ್ದೇಶಿಸದೆ ಗಟ್ಟಿಯಾಗಿಯೇ ಕೇಳಿದ. ಹತ್ತೇ ಗಂಟೆಯಲ್ಲಿ ಹೆಂಡತಿ ಮಕ್ಕಳಿಗೆ ಸಮುದ್ರ ತೋರಿಸುತ್ತೇನೆಂದು ಅವನು ನೆಂಟರಿಗೆಲ್ಲ ಸಾರಿದ್ದ. ಬೆಳಗಿನ ಐದಕ್ಕೆ ಹೊರಟವನು ಊಟಕ್ಕೊಮ್ಮೆ ಬಿಟ್ಟರೆ ಗಾಡಿ ನಿಲ್ಲಿಸಿರಲಿಲ್ಲ. ಹೋಳಿಗೆ ಊಟದ ಭಾರಕ್ಕೆ ಹೆಂಡತಿ ಮಕ್ಕಳು ಬಾಯ್ತೆರೆದು ಮಲಗಿದ್ದರು. ಹಿಂದಿನ ಸೀಟಿನ ಅತ್ತೆ ಮಾತ್ರ ತಾಳ ತಟ್ಟುತ್ತ ಒಂದೊಂದು ಸಾಲು ಹಾಡಿ, ಅವನ ‘ಗೋವಿಂದ’ಕ್ಕೆ ಕಾಯುತ್ತಿದ್ದರು.

“ಗೋವಿಂದ ಅನ್ನಿ, ಅಳಿಯಂದಿರೇ.”

“ರಸ್ತೆ ನೋಡಲೋ, ದೇವರನ್ನ ನೋಡಲೋ ಅತ್ತೆ? ಗೋವಿಂದ.”

ಆಮೇಲಿನ ಸಾಲುಗಳು ಅವನಿಗೆ ಎಲ್ಲೋ ದೂರದ ಗುಡಿಯಿಂದ ಬಂದ ಹಾಗಿದ್ದವು.

“ಗಾಡಿ ನಿಲ್ಲಿಸಿ. ಹೊಟ್ಟೆ ತೊಳಸ್ತಿದೆ.”

ಅತ್ತೆಯ ಕೂಗಿಗೆ ಅವನು ಬೆಚ್ಚಿ, ಗಡಬಡಿಸಿ ಮರವೊಂದರ ಕೆಳಗೆ ನಿಲ್ಲಿಸಿದ.

“ಡಿಕ್ಕೀಲಿ ನಿಂಬೆಹಣ್ಣಿದೆ, ಕೀಲಿ ಕೊಡಿ.”

ಕೊಟ್ಟ. ಅತ್ತೆ ಡಿಕ್ಕಿ ತೆರೆದು, ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಒಳಗಿಂದ ಜಮಖಾನ ತೆಗೆದು ಮರದ ಬುಡದಲ್ಲಿ ಹಾಸಿದರು.

“ಒಂದು ಗಂಟೆ ಮಲಗಿ.”

“ಹೊತ್ತಿಗೆ ಸರಿಯಾಗಿ ತಲುಪದಿದ್ರೆ ನೆಂಟರು ನಗ್ತಾರೆ ಅತ್ತೆ. ನಿಮ್ಮ ಭಜನೆ ಇರೋವಾಗ ನಮಗೇನಾಗುತ್ತೆ? ದೇವರು ಕಾಯ್ತಾನೆ. ಕೀಲಿ ಕೊಡಿ.”

“ದೇವರಿಗೆ ಹಾಡೋದು ಮನೇಲಿ. ಇಲ್ಲಿ ಹಾಡಿದ್ದು ನೀವು ಎಚ್ಚರ ಇದ್ದೀರಾ ಅಂತ ತಿಳಿಯೋಕೆ. ಮೂರು ಸಾಲಿಗೆ ಗೋವಿಂದ ಬರಲಿಲ್ಲ. ಕೊಡಲ್ಲ.”