ಗೆರೆಯ ಬಣ್ಣ

ಒದ್ದೆ ಬಟ್ಟೆಯಿಂದ ಅವ್ವನ ಎಡ ಎದೆಯ ಹೊಲಿಗೆ ಗೆರೆಯನ್ನು ಒರೆಸಿದೆ. ಎದೆ ಉಳಿಸಿಕೊಂಡು ಗಡ್ಡೆಯನ್ನಷ್ಟೇ ತೆಗೆಸಿದ ಹೆಂಗಸರಿಗೆಲ್ಲ ಈ ಗೆರೆ ಇರುತ್ತದೆ. ಒಳಗೆ ನೆಟ್ಟಗಿದ್ದರೆ ಹಸಿರು, ಗಡ್ಡೆ ಮರಳಿದರೆ ಹಳದಿ. ಕನ್ನಡಿಯಲ್ಲಿ ಆ ಬಣ್ಣ ಕಾಣುವುದಿಲ್ಲ. ಸೂರ್ಯ ಮೂಡುವಾಗ ಮನೆಯವರೊಬ್ಬರು ನೋಡಿ ಹೇಳಬೇಕು. ಅಜ್ಜಿ ತೀರಿಕೊಂಡ ಮೇಲೆ ಆ ಕೆಲಸ ನನಗೆ ಬಂತು. ಶಾಲೆಯ ಬಸ್ಸೂ ಅದೇ ಹೊತ್ತಿಗೆ ಬರುತ್ತಿತ್ತು, ಹಾಗಾಗಿ ಏಳನೇ ಇಯತ್ತೆಗೆ ಶಾಲೆ ಬಿಟ್ಟೆ.

“ಯಾವ ಬಣ್ಣ ಐತಿ, ಕಸ್ತೂರಿ?”

“ಹಸಿರ.”

“ಬಾಯಿ ಬಿಟ್ರ ಮುತ್ತ ಉದರ್ತಾವೇನು? ಜೋರಾಗಿ ಹೇಳವಾ, ಓಣಿಗೆಲ್ಲ ಕೇಳಲಿ!”

ಅವ್ವ ಗಡ್ಡೆ ತೆಗೆಸಿ ಇವತ್ತಿಗೆ ಹದಿನೈದು ವರ್ಷ. ಹದಿನೈದು ತುಂಬಿದವರಿಗೆ ಓಣಿಯ ಹೆಂಗಸರು ಸೇರಿ ಉಡಿ ತುಂಬುತ್ತಾರೆ. ಅದಕ್ಕೆಂದು ಅವ್ವ ಒಂಬತ್ತು ದಿನದ ಹಿಂದೆ ಇಳಕಲ್ ಸೀರೆ ತಂದು, ಹೆಗಲಿಗೆ ಹಾಕಿಕೊಂಡು ಕುಣಿದಿದ್ದಳು. ಮರುದಿನ ಗೆರೆ ಹಳದಿಯಾಗಿತ್ತು. ಅವಳ ಮುಖ ನೋಡಿ ನನ್ನ ಬಾಯಿಂದ ‘ಹಸಿರ’ ಎಂದೇ ಬಂತು. ಆಮೇಲೆ ದಿನಾ ಅದನ್ನೇ ಹೇಳಿದೆ.

ಹೆಂಗಸರು ಆಗಲೇ ಅಂಗಳದಲ್ಲಿ ಬಂದು ಕೂತಿದ್ದರು. ಅವ್ವ ನಿರಿಗೆ ಹಿಡಿಯುತ್ತಾ ಒಳಗಿಂದಲೇ ಕೂಗಿದಳು, “ನನ್ನ ಮಗಳ ಕಣ್ಣಿನಿಂದ್ಲೇ ಬದುಕೀನ್ ನೋಡ್ರವಾ ನಾನು!”

ಎಲ್ಲರೂ ನಕ್ಕರು. ನಾನು ಅವಳ ಸೆರಗು ಹಿಡಿದುಕೊಂಡೆ.

“ಅವ್ವಾ, ಹಳದಿ ಆಗಿ ಎಂಟ ದಿನ ಆತು. ನಾನ ಸುಳ್ಳ ಹೇಳಿದೆ.”

ಅಂಗಳದ ನಗೆ ನಿಂತಿತು. ಅವ್ವ ನಿರಿಗೆಯನ್ನು ಕೈಯಿಂದ ಬಿಡಲಿಲ್ಲ, ನನ್ನತ್ತ ತಿರುಗಲೂ ಇಲ್ಲ. ನಾನು ಸೆರಗು ಜಗ್ಗಿದೆ.

“ಸೀರಿ ಆಮ್ಯಾಲ ಉಡು. ದವಾಖಾನಿಗೆ ಹೋಗೂಣ, ನಡಿ ಅವ್ವಾ.”