ಎಡಗಾಲಿನ ಉಂಗುರ

ಸೊಂಟದ ಡಿಸ್ಕ್ ಆಪರೇಷನ್ ಆಗಿ ಮೂರು ದಿನವಾಗಿತ್ತು. ಥಿಯೇಟರಿಗೆ ಒಯ್ಯುವ ಮುಂಚೆ ನರ್ಸಮ್ಮ ಸೋಪು ಹಚ್ಚಿ ತೆಗೆಸಿದ್ದ ಕಾಲುಂಗುರಗಳನ್ನು ಗಂಡ ಅಂಗಿಯ ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದ.

ಸರ್ವಮಂಗಳ ಬಗ್ಗುವಂತಿಲ್ಲ, ಎದ್ದು ಕೂರುವಂತಿಲ್ಲ. ಅಂಗಾತ ಮಲಗಿ ಫ್ಯಾನು ನೋಡುತ್ತಲೇ ಹೇಳಿದಳು, "ಬೋಳು ಬೆರಳು ಅಂದ್ರೆ ಒಂಥರಾ ಆಗ್ತದೆ. ನೀವೇ ಹಾಕ್ರೀ."

ಎಡಗಾಲು ಇನ್ನೂ ಮರದ ಕೊರಡಿನ ಹಾಗೇ ಬಿದ್ದಿತ್ತು. ಮುಟ್ಟಿದ್ದು ಇವತ್ತಾದರೂ ಗೊತ್ತಾದರೆ ಆ ಕಾಲು ಊರಿ ನಡೆಯುತ್ತೀರಿ ಎಂದು ಡಾಕ್ಟರು ಬೆಳಿಗ್ಗೆ ಹೇಳಿ ಹೋಗಿದ್ದರು.

ಗಂಡ ಮಂಚದ ತುದಿಯಲ್ಲಿ ಕೂತು ಬಲಗಾಲಿಗೆ ಶುರುಮಾಡಿದ.

"ಅಯ್ಯೋ, ಮೆತ್ತಗೆ! ಧಾರೆ ದಿನಾನೂ ಹಿಂಗೇ ಬೆರಳು ಮುರಿಯಕ್ಕೆ ಬಂದಿದ್ರಿ."

"ಆವತ್ತು ನಿಮ್ಮಣ್ಣ ಪಕ್ಕದಲ್ಲೇ ನಿಂತು ಗುರಾಯಿಸ್ತಿದ್ನಲ್ಲೇ, ಕೈ ನಡುಗಿತ್ತು."

"ಈಗ ಯಾರಿದ್ದಾರೆ ಗುರಾಯಿಸಕ್ಕೆ? ಹೂಂ, ಎಡಗಾಲಿಗೆ ಹಾಕಿ. ಹಾಕಿದೆ ಅಂತ ನೀವು ಹೇಳಬೇಡಿ, ನಾನೇ ಹೇಳ್ತೀನಿ."

ಅವಳು ಕಣ್ಣು ಮುಚ್ಚಿದಳು. ಮನಸ್ಸನ್ನೆಲ್ಲ ಆ ಒಂದು ಬೆರಳಿಗೆ ಕಳಿಸಿ ಕಾದಳು.

"ಏನ್ರೀ, ಉಂಗುರ ಬೀಳಿಸ್ಕೊಂಡ್ರಾ?"

"ತಡಿಯೇ. ಬಿಗಿಯಾಗ್ತಿದೆ."

"ಸರಿ, ನಿಧಾನಕ್ಕೇ ಹಾಕಿ. ನಂಗೇನು ಕೆಲಸ?"

ಬಿಪಿ ನೋಡಲು ಬಂದ ನರ್ಸಮ್ಮ ಮಂಚದ ತುದಿಯಲ್ಲಿ ನಿಂತು ನಕ್ಕಳು.

"ಎರಡೂ ಕಾಲಿಗೂ ಹಾಕಿ ಆಯ್ತಲ್ಲ ಯಜಮಾನ್ರೇ, ಇನ್ನೂ ಯಾಕೆ ಕಾಲು ಹಿಡ್ಕೊಂಡು ಕೂತಿದ್ದೀರಿ?"