ತಿಪ್ಪೇಶನ ಕತ್ತಿ ತಾಗಿದ ದಿನ

ರಕ್ತನಾಳದಲ್ಲಿ ಹೆಪ್ಪು ಕಟ್ಟದಿರಲೆಂದು ಐವತ್ತು ದಾಟಿದವರೆಲ್ಲ ದಿನಾ ಬೆಳಿಗ್ಗೆ ಹುದುಗಿಸಿದ ಹುರುಳಿಯ ಅಂಬಲಿ ಕುಡಿಯತೊಡಗಿದ ಮೇಲೆ ಊರಲ್ಲಿ ಅವರ್ಯಾರ ರಕ್ತವೂ ಬೇಗ ಹೆಪ್ಪುಗಟ್ಟುತ್ತಿರಲಿಲ್ಲ. ಎಲ್ಲೇ ಚೂರು ಗಾಯವಾದರೂ ಅರ್ಧ ಗಂಟೆ ಹತ್ತಿ ಒತ್ತಿಕೊಂಡು ಕೂರುವುದು ಮಾಮೂಲಾಗಿತ್ತು.

ಮೂವತ್ತು ವರ್ಷದಲ್ಲಿ ಒಮ್ಮೆಯೂ ಯಾರಿಗೂ ತಾಗದ ಕ್ಷೌರದಂಗಡಿ ತಿಪ್ಪೇಶನ ಕತ್ತಿ ಇವತ್ತು ರೈಲ್ವೆ ಗಾರ್ಡ್ ಆಗಿದ್ದ ಶ್ರೀಪಾದಯ್ಯನವರ ಗದ್ದಕ್ಕೆ ತಾಗಿತು. ಅವರು ಹತ್ತಿಗೆ ಕೈ ಚಾಚಿದರೆ ತಿಪ್ಪೇಶ ಕೊಡಲಿಲ್ಲ, ಗಡಿಯಾರ ನೋಡುತ್ತ ನಿಂತ. ಇವನಿಗೇನಾಯಿತು ಎಂದು ಅವರು ಯೋಚಿಸುವಷ್ಟರಲ್ಲಿ ರಕ್ತ ನಿಂತೇಹೋಯಿತು.

“ಅಂಬಲಿ ಬಿಟ್ಟು ಎಷ್ಟು ದಿನ ಆಯ್ತು, ಗಾರ್ಡ್ ಸಾಹೇಬ್ರೆ?”

“ದಿನಾ ಕುಡೀತೀನಲ್ಲ.”

“ಕರಿಬೇವಿನ ಗಿಡ ಕುಡೀತಿದೆ ಅಂತ ನಿಮ್ಮನೆ ಅಮ್ಮಾವ್ರಿಗೆ ಅನುಮಾನ. ಬೆಳಿಗ್ಗೇನೇ ಬಂದು, ಒಂಚೂರು ತಾಗಿಸಿ ನೋಡಪ್ಪ ಅಂದ್ರು.”

ಶ್ರೀಪಾದಯ್ಯ ಕನ್ನಡಿಯಲ್ಲಿ ತಮ್ಮ ಮುಖ ನೋಡಿಕೊಂಡರು. ಒಂದು ಕೆನ್ನೆ ನುಣುಪು, ಇನ್ನೊಂದರ ತುಂಬ ನೊರೆ.

“ಕೆಟ್ಟ ವಾಸನೆ ಕಣಯ್ಯ,” ಎಂದರು ಮೆಲ್ಲಗೆ.

ತಿಪ್ಪೇಶ ಕತ್ತಿ ಮಡಚಿಟ್ಟು, ಪೌಡರ್ ಡಬ್ಬಿಗಳ ಹಿಂದಿನಿಂದ ಅವರ ಹೆಂಡತಿ ಬೆಳಿಗ್ಗೆ ಕೊಟ್ಟುಹೋಗಿದ್ದ, ಅವರದೇ ಹೆಸರು ಕೆತ್ತಿದ್ದ ಅಂಬಲಿಯ ಸ್ಟೀಲ್ ಲೋಟ ತೆಗೆದು ಮುಂದಿಟ್ಟ.

“ಕಾಲಲ್ಲಿ ರಕ್ತ ಹೆಪ್ಪುಗಟ್ಟಿ ಮಲಗಿದ್ರಲ್ಲ, ಆಗ ಆಸ್ಪತ್ರೆಗೇ ಬಂದು ನಿಮ್ಮ ಗಡ್ಡ ತೆಗೆದಿದ್ದೀನಿ. ಇನ್ನೊಂದ್ಸಲ ಅಲ್ಲಿಗೆ ಬರಲ್ಲ. ಮೊದಲು ಇದು ಕುಡೀರಿ, ಆಮೇಲೆ ಆ ಕೆನ್ನೆ.”